ಇಲ್ಲವೆಂದ ಮಕ್ಕಳು

ಭಾರತ ಹುಣ್ಣಿಮೆ ಹತ್ತಿರವಾಯಿತೆಂದರೆ ಬೈಲಹೊಂಗಲದ ದಾರಿ, ಕಿತ್ತೂರಿನ ದಾರಿ, ರಾಮದುರ್ಗದ ದಾರಿ ಎಲ್ಲವೂ ಸವದತ್ತಿಯ ಕಡೆಗೇ ತಿರುಗಿಕೊಂಡಂತೆ ಕಾಣುತ್ತವೆ. ಕೊಲ್ಲಾರಿ ಬಂಡಿಗಳ ಸಾಲು ಮೊದಲಿನಷ್ಟು ಉದ್ದವಾಗಿ ಉಳಿದಿಲ್ಲ. ಟ್ರ್ಯಾಕ್ಟರುಗಳೂ ಬಸ್ಸುಗಳೂ ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಆದರೆ ಬುತ್ತಿಯ ಗಂಟು, ಹಣೆಯ ತುಂಬ ಭಂಡಾರ, ‘ಉಧೋ ಉಧೋ’ ಎಂಬ ಘೋಷ, ಇವು ಬದಲಾಗಿಲ್ಲ. ಜೋಗುಳಬಾವಿಯಲ್ಲಿ ಮಿಂದು ಎಲ್ಲಮ್ಮನ ಗುಡ್ಡವನ್ನೇರುವ ಆ ಜನಸಂದಣಿಯ ನಡುವೆ, ತಲೆಯ ಮೇಲೆ ದೇವಿಯ ಜಗವನ್ನು ಹೊತ್ತು, ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ಚೌಡಿಕೆಯ ನಾದಕ್ಕೆ ಹೆಜ್ಜೆಯಿಡುತ್ತ ಬರುವ ಜೋಗಪ್ಪಂದಿರೂ ಕಣ್ಣಿಗೆ ಬೀಳುತ್ತಾರೆ.

ಇಂಥ ಪ್ರತಿಯೊಂದು ಗಾಡಿಯಲ್ಲಿಯೂ ಎಂಟೋ ಹತ್ತೋ ವರುಷದ ಮಗುವೊಂದು ಇದ್ದೇ ಇರುತ್ತದೆ. ಅದು ಕೇಳಬಾರದ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ.

“ಆಯಿ, ಅಕೀ ಹೆಂಗಸೋ ಗಂಡಸೋ?”

“ಸುಮ್ಮನಿರಪಾ, ಹಂಗೆಲ್ಲಾ ಕೇಳಬಾರದು. ಅವರು ಅವ್ವನ ಮಕ್ಕಳು. ಕಾಲಿಗೆ ಬಿದ್ದು ಬಾ.”

ಮಗು ಹೋಗಿ ಕಾಲಿಗೆ ಬೀಳುತ್ತದೆ. ಜೋಗಪ್ಪನ ಕೈಯಿಂದ ಹಣೆಗೆ ಭಂಡಾರ ಹಚ್ಚಿಸಿಕೊಂಡು ಬರುತ್ತದೆ. ಮೂರು ದಿನ ಕಳೆದು ಅದೇ ಮಗು ಶಾಲೆಗೆ ಹೋದಾಗ ಅಲ್ಲಿ ನಡೆಯುವುದು ಬೇರೆ. ನಡಿಗೆಯಲ್ಲಿ ತುಸು ಮೃದುತ್ವವಿರುವ, ಚೆಂಡಾಟಕ್ಕೆ ಹಿಂಜರಿಯುವ, ಹುಡುಗಿಯರ ಗುಂಪಿನಲ್ಲಿಯೇ ನಗುನಗುತ್ತ ಕುಳಿತಿರುವ ಹುಡುಗನೊಬ್ಬನು ತರಗತಿಯಲ್ಲಿದ್ದರೆ ಅವನಿಗೊಂದು ಅಡ್ಡಹೆಸರು ಸಿದ್ಧವಾಗಿರುತ್ತದೆ: “ಏ ಜೋಗಪ್ಪಾ!” ಗುಡ್ಡದ ಮೇಲೆ ಪೂಜ್ಯವಾಗಿದ್ದ ಶಬ್ದವು ಗುಡ್ಡ ಇಳಿಯುವಷ್ಟರಲ್ಲಿ ಬೈಗುಳವಾಗಿಬಿಟ್ಟಿರುತ್ತದೆ. ಈ ಎರಡು ಪಾಠಗಳನ್ನೂ ಮಗು ಕಲಿತದ್ದು ಒಂದೇ ಮನೆಯಲ್ಲಿ, ಒಂದೇ ಧರ್ಮದ ನೆರಳಿನಲ್ಲಿ.

ಧರ್ಮದ ಹೆಸರಿನಲ್ಲಿ ಮಕ್ಕಳಿಗೆ ಸಲಿಂಗಪ್ರೇಮದ ವಿಷಯವಾಗಿ, ಹೆಣ್ಣು ಗಂಡುಗಳ ಕಟ್ಟಿಗೆ ಒಳಪಡದವರ ವಿಷಯವಾಗಿ ಹೇಳಿಕೊಡುವ ಮಾತು ಯಾವಾಗ ಉಪದೇಶ, ಯಾವಾಗ ತಾರತಮ್ಯ ಎಂಬ ಚರ್ಚೆ ಈಗ ಜಗತ್ತಿನ ಅನೇಕ ಕಡೆ ನಡೆದಿದೆ. ಅದನ್ನು ದೂರದ ದೇಶಗಳ ರಗಳೆಯೆಂದು ತಳ್ಳಿಹಾಕುವವರು ಒಮ್ಮೆ ಸವದತ್ತಿಯ ಬಸ್ಸು ಹತ್ತಬೇಕು. ಪ್ರಶ್ನೆಯು ಇಲ್ಲಿ ಶತಮಾನಗಳಿಂದ ಬಂಡಾರ ಹಚ್ಚಿಕೊಂಡು ಓಡಾಡುತ್ತಿದೆ.

ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳ್ಳೆಯದು. ಜೋಗಪ್ಪನಾಗುವುದೂ ಸಲಿಂಗಪ್ರೇಮವೂ ಒಂದೇ ಸಂಗತಿಯಲ್ಲ. ತನ್ನನ್ನು ಹೆಣ್ಣೆಂದು ಬಗೆಯುವುದು ಒಂದು; ತನ್ನಂಥ ಗಂಡಿನಲ್ಲಿಯೋ ತನ್ನಂಥ ಹೆಣ್ಣಿನಲ್ಲಿಯೋ ಮನಸ್ಸಿಡುವುದು ಇನ್ನೊಂದು. ಎರಡನೆಯವರು ಸೀರೆ ಉಡುವುದಿಲ್ಲ, ಜಗ ಹೊರುವುದಿಲ್ಲ; ನೆರೆಮನೆಯವರಂತೆಯೇ ಅಂಗಿ ತೊಟ್ಟು ಕಚೇರಿಗೆ ಹೋಗಿಬರುತ್ತಾರೆ. ಆದರೆ ಓಣಿಯ ಬಾಯಿಗೆ ಈ ಸೂಕ್ಷ್ಮ ತಿಳಿಯದು. ಅದು ಎಲ್ಲರನ್ನೂ ಒಂದೇ ಬುಟ್ಟಿಗೆ ತುಂಬಿ ಒಂದೇ ಹೆಸರಿನಿಂದ ಕೂಗುತ್ತದೆ. ಹುಡುಗಿಯರ ವಿಷಯವಂತೂ ಬುಟ್ಟಿಯಲ್ಲಿಯೂ ಇಲ್ಲ. ಅವಳ ಮನಸ್ಸು ಎತ್ತ ಒಲಿದಿದೆಯೆಂದು ಕೇಳುವ ಮೊದಲೇ ಮನೆಯಲ್ಲಿ ವರನ ಜಾತಕ ಬಂದಿರುತ್ತದೆ.

ಇನ್ನು ಕಥೆ. ಈ ಸೀಮೆಯ ಮಕ್ಕಳು ತೊಡೆಯ ಮೇಲೆ ಕೇಳುವ ಮೊದಲ ಕಥೆಗಳಲ್ಲಿ ರೇಣುಕೆಯ ಕಥೆಯೂ ಒಂದು. ಮರಳಿನ ಕೊಡ, ಸರ್ಪದ ಸಿಂಬಿ, ಹೊಳೆಯ ನೀರಿನಲ್ಲಿ ಕ್ರೀಡಿಸುತ್ತಿದ್ದವರನ್ನು ಕಂಡು ಕ್ಷಣಮಾತ್ರ ಚಂಚಲವಾದ ಮನಸ್ಸು, ಒಡೆದ ಕೊಡ, ಜಮದಗ್ನಿಯ ಸಿಟ್ಟು. ತಾಯಿಯ ತಲೆಯನ್ನು ಕಡಿಯಿರೆಂದು ತಂದೆಯು ಮಕ್ಕಳಿಗೆ ಆಜ್ಞಾಪಿಸುತ್ತಾನೆ. ನಾಲ್ವರು ಒಲ್ಲೆವೆನ್ನುತ್ತಾರೆ, ಶಾಪಕ್ಕೆ ಗುರಿಯಾಗುತ್ತಾರೆ. ಐದನೆಯವನಾದ ಪರಶುರಾಮನು ಕೊಡಲಿಯೆತ್ತುತ್ತಾನೆ.

ಶಾಪವು ಏನೆಂಬುದರಲ್ಲಿಯೇ ಕಥೆಯ ಗುಟ್ಟಿದೆ. ಮಹಾಭಾರತದ ವನಪರ್ವದಲ್ಲಿ ಆ ನಾಲ್ವರು ದಿಗ್ಭ್ರಾಂತರಾಗಿ ಏನನ್ನೂ ನುಡಿಯದೆ ನಿಂತರೆಂದೂ, ತಂದೆಯ ಶಾಪದಿಂದ ಬುದ್ಧಿಗೆಟ್ಟು ಮೃಗಪಕ್ಷಿಗಳಂತೆ ಜಡರಾದರೆಂದೂ ಹೇಳಿದೆ. ಎಲ್ಲಮ್ಮನ ಪರಿವಾರದ ಹೇಳಿಕೆಯಲ್ಲಿ ಶಾಪದ ರೂಪವೇ ಬೇರೆ: ಆ ಮಕ್ಕಳು ಗಂಡಸುತನವನ್ನು ಕಳೆದುಕೊಂಡರು. ಜೋಗಪ್ಪಂದಿರು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ಬೊಟ್ಟು ಮಾಡುವುದು ಅವರನ್ನೇ.

ಮನೆಯಲ್ಲಿ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಒತ್ತು ಕೊಡುವುದು ಎರಡು ಸಂಗತಿಗಳಿಗೆ: ಪಿತೃವಾಕ್ಯವನ್ನು ಮೀರಬಾರದು, ಮೀರಿದವರ ಗತಿ ಹೀಗಾಗುತ್ತದೆ. ಹೀಗೆ ಕೇಳಿದ ಮಗುವಿನ ಪಾಲಿಗೆ ಗಂಡಾಗಿ ಹುಟ್ಟಿ ಗಂಡಿನಂತಿರದವನು ಶಿಕ್ಷೆಗೊಳಗಾದವನು, ಯಾವುದೋ ತಪ್ಪಿನ ಫಲವನ್ನು ಮೈಮೇಲೆ ಹೊತ್ತವನು. ಅವನ ತಪ್ಪಾದರೂ ಏನು? ತಾಯಿಯ ಕೊರಳಿಗೆ ಕೈಯೆತ್ತದಿದ್ದುದು! ಆ ನಾಲ್ವರ ಕಡೆಯಿಂದ ಕಥೆಯನ್ನು ನೋಡಿದರೆ, ಐವರಲ್ಲಿ ತಾಯಿಯ ಜೀವವನ್ನು ದೊಡ್ಡದೆಂದು ಬಗೆದವರು ಅವರೇ. ಸವದತ್ತಿಯ ಗುಡಿಯ ಆವರಣದಲ್ಲಿ ಪರಶುರಾಮನಿಗೂ ಗುಡಿಯುಂಟು. ಒಲ್ಲೆವೆಂದವರಿಗೆ ಮಾತ್ರ ಕಲ್ಲಿನ ಗುಡಿಗಿಂತ ಜೋಗಪ್ಪಂದಿರ ಸೀರೆಯ ಸೆರಗೇ ನೆಲೆ. ಕಥೆಯ ಒಂದಕ್ಷರವನ್ನೂ ತಿದ್ದದೆ, ಹೇಳುವವರ ದನಿಯೊಂದನ್ನೇ ಬದಲಿಸಿದರೆ, ಅದು ಹೀನಾಯದ ಪಾಠವಾಗುತ್ತದೆ ಇಲ್ಲವೆ ಮರ್ಯಾದೆಯ ಪಾಠವಾಗುತ್ತದೆ. ವನಪರ್ವದಲ್ಲಿ ಪರಶುರಾಮನು ಬೇಡಿದ ವರಗಳಲ್ಲಿ ಅಣ್ಣಂದಿರು ಮೊದಲಿನಂತಾಗಲಿ ಎಂಬುದೂ ಒಂದು. ತಾಯಿಯ ತಲೆ ಮತ್ತೆ ಕೂಡಿಕೊಂಡಿತೆಂಬಲ್ಲಿಗೆ ಕಥೆ ಮುಗಿಸುವ ಅವಸರದಲ್ಲಿ ಈ ವರವನ್ನು ಮಕ್ಕಳಿಗೆ ಹೇಳುವವರೇ ಅಪರೂಪ.

ಬೈಲಹೊಂಗಲ, ಕಿತ್ತೂರುಗಳ ಶರಣ ಮನೆತನಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಮಾತು ಇನ್ನೊಂದು ಬಗೆಯದು. ಆತ್ಮಕ್ಕೆ ಹೆಣ್ಣೆಂಬ ಗಂಡೆಂಬ ಗುರುತಿಲ್ಲವೆಂದು ಜೇಡರ ದಾಸಿಮಯ್ಯನು ಹೇಳಿದ್ದಾನೆ. ಶರಣನು ಸತಿ, ಲಿಂಗವೇ ಪತಿ ಎಂಬ ಭಾವವನ್ನು ಮೀಸೆ ಹೊತ್ತ ಹಿರಿಯರೂ ನಾಚದೆ ಹಾಡುತ್ತಾರೆ. ಇದು ಭಕ್ತಿಯ ಭಾಷೆ. ಇದರಿಂದ ದಾಂಪತ್ಯದ ನಿಯಮಗಳನ್ನು ಹೊಸೆಯಲು ಹೋಗುವುದು ಅತಿರೇಕವಾದೀತು. ಆದರೂ ಗಂಡಿನ ಬಾಯಲ್ಲಿ ಹೆಣ್ಣಿನ ಮಾತು ಬಂದರೆ ಧರ್ಮ ಕೆಟ್ಟುಹೋಗುತ್ತದೆಂಬ ದಿಗಿಲು ಈ ನೆಲದ ಹಿರಿಯರಿಗೆ ಇರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಶಾಸ್ತ್ರಗಳಲ್ಲಿ ನಿಷೇಧವೇ ಇಲ್ಲವೆ? ಇದೆ. ಇಲ್ಲವೆನ್ನುವುದು ಅಪ್ರಾಮಾಣಿಕ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪುರುಷನೊಡನೆ ಕೂಡಿದ ದ್ವಿಜನಿಗೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನ ಮಾಡುವ ಪ್ರಾಯಶ್ಚಿತ್ತ ವಿಧಿಸಿದೆ. ಎಂಟನೆಯ ಅಧ್ಯಾಯದಲ್ಲಿ ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ಬೆರಳು ಕತ್ತರಿಸುವಂಥ ಕ್ರೂರವಾದ ದಂಡನೆಯಿದೆ. ಲೂತನ ಜನರ ಕಥೆ ಬೈಬಲ್ಲಿನಲ್ಲಿಯೂ ಕುರಾನಿನಲ್ಲಿಯೂ ಬರುತ್ತದೆ. 1992ರಲ್ಲಿ ಹೊರಬಂದ ಕ್ಯಾಥೊಲಿಕ್ ಸಭೆಯ ಧರ್ಮೋಪದೇಶ ಗ್ರಂಥವು ಸಲಿಂಗ ಕೃತ್ಯಗಳನ್ನು ಒಪ್ಪುವುದಿಲ್ಲ. ಆದರೆ ಅಂಥ ಒಲವುಳ್ಳವರನ್ನು ಗೌರವದಿಂದ, ಕನಿಕರದಿಂದ ಕಾಣಬೇಕೆಂದೂ ಅವರ ಬಗ್ಗೆ ಅನ್ಯಾಯದ ಭೇದಭಾವ ಸಲ್ಲದೆಂದೂ ಅದೇ ಪ್ರಕರಣದಲ್ಲಿಯೇ ಹೇಳುತ್ತದೆ. ಆ ಎರಡು ವಾಕ್ಯಗಳಲ್ಲಿ ಮಕ್ಕಳಿಗೆ ತಲಪುವುದು ಯಾವುದೆಂಬುದು ಕಲಿಸುವವರ ಕೈಯಲ್ಲಿದೆ.

ಸೆರೆಮನೆಯ ಭಯ ಬಂದದ್ದು ಮಾತ್ರ ಬೇರೆ ಕಡೆಯಿಂದ. 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. 1829ರಲ್ಲಿ ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ದತ್ತಕ ಮಗನು ಮಗನೇ ಅಲ್ಲವೆಂದು ಅವಳ ಮನೆಯೊಳಗೆ ಕೈಹಾಕಿದ ಆ ಪ್ರಭುತ್ವವೇ 1860ರಲ್ಲಿ ದಂಡ ಸಂಹಿತೆಯನ್ನು ರಚಿಸಿ, ಅದರ 377ನೆಯ ಕಲಮಿನಲ್ಲಿ ‘ನಿಸರ್ಗವಿರುದ್ಧ’ ಸಂಭೋಗಕ್ಕೆ ಹತ್ತು ವರುಷಗಳವರೆಗಿನ ಸೆರೆಯನ್ನೋ ಜೀವಾವಧಿಯನ್ನೋ ವಿಧಿಸಿತು. ಬಟ್ಟೆಯೊಡನೆ ಮುಳುಗೆದ್ದರೆ ಮುಗಿಯುತ್ತಿದ್ದ ಪ್ರಾಯಶ್ಚಿತ್ತವೆಲ್ಲಿ, ಜೀವಾವಧಿಯೆಲ್ಲಿ! ಒಂದೂವರೆ ಶತಮಾನ ಆ ಕಲಮಿನ ಕೆಳಗೆ ಬದುಕಿದ ಜನ ಅದನ್ನೇ ತಮ್ಮ ಸನಾತನ ಧರ್ಮದ ಮಾತೆಂದು ನಂಬಿದರೆ ಆಶ್ಚರ್ಯವಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಅವರಲ್ಲೊಬ್ಬರಾದ ಇಂದು ಮಲ್ಹೋತ್ರಾ ಅವರು, ಈ ಜನರಿಗಷ್ಟೇ ಅಲ್ಲದೆ ಅವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೋರಬೇಕಾಗಿದೆಯೆಂಬರ್ಥದ ಮಾತನ್ನು ಬರೆದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್ 17ರ ತೀರ್ಪು ಒಪ್ಪಲಿಲ್ಲ.

ಈಗ ಮಕ್ಕಳ ಪ್ರಶ್ನೆಗೆ ಬರೋಣ. ಸರಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಅನುದಾನ ಪಡೆಯುವ ಇಲ್ಲವೆ ಸರಕಾರದ ಮಾನ್ಯತೆ ಪಡೆದ ಶಾಲೆಗಳಲ್ಲಿ ಧರ್ಮಬೋಧೆ ಇದ್ದರೆ, ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಮನೆಯೊಳಗಿನ, ಮಠದೊಳಗಿನ, ಮದರಸಾದ, ಚರ್ಚಿನ ಉಪದೇಶಕ್ಕೆ ಕಾನೂನು ಬಾಗಿಲು ತಟ್ಟುವುದಿಲ್ಲ, ತಟ್ಟಬಾರದು ಕೂಡ. ‘ನಮ್ಮ ಆಚಾರದಲ್ಲಿ ಇದು ಸಲ್ಲುವುದಿಲ್ಲ’ ಎಂದು ತಾಯಿತಂದೆಗಳು ಮಗುವಿಗೆ ಹೇಳುವುದು ಅವರ ಅಧಿಕಾರ. ಮಾಂಸ ತಿನ್ನುವುದಿಲ್ಲವೆನ್ನುವ ಮನೆಯವರು ತಿನ್ನುವ ಮನೆಯ ಮಗುವಿನೊಡನೆ ತಮ್ಮ ಮಗುವನ್ನು ಆಡಲು ಬಿಡುತ್ತಾರಲ್ಲವೆ? ಅಲ್ಲಿಯವರೆಗೆ ಅದು ಆಚಾರ. ‘ಅಂಥವರು ಕೀಳು, ಅವರ ಬಳಿ ಸುಳಿಯಬೇಡ’ ಎಂದೊಡನೆ ಮಾತು ತಮ್ಮ ಮನೆಯ ಹೊಸ್ತಿಲು ದಾಟಿ ಇನ್ನೊಬ್ಬರ ಮಗುವಿನ ಮೇಲೆ ಬಿದ್ದಿತು. ತಾರತಮ್ಯ ಶುರುವಾಗುವುದು ಆ ಹೊಸ್ತಿಲಿನಲ್ಲಿ. ದೊಡ್ಡವರು ಈ ಎರಡು ಮಾತುಗಳ ಅಂತರವನ್ನು ಬಲ್ಲರು. ಮಕ್ಕಳಿಗೆ ಆಚಾರವು ಅರ್ಥವಾಗುವುದೇ ಹೆಸರಿಟ್ಟು ಕರೆಯುವುದರಿಂದ. ಅವರು ಮೊದಲನೆಯ ಮಾತನ್ನು ಕೇಳಿ ಎರಡನೆಯದನ್ನು ಕಲಿಯುತ್ತಾರೆ. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯಂತೆಯೇ ಮಾನಸಿಕ ಕಿರುಕುಳವೂ ಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯ್ದೆಯ 17ನೆಯ ಕಲಮು ಹೇಳಿರುವುದನ್ನು ಎಷ್ಟು ಮುಖ್ಯೋಪಾಧ್ಯಾಯರು ಈ ಅಡ್ಡಹೆಸರುಗಳಿಗೂ ಅನ್ವಯಿಸಿಕೊಂಡಿದ್ದಾರೋ!

ಧರ್ಮದ ವಿಷಯದಲ್ಲಿ ಸರಕಾರ ಕೈಹಾಕಬಾರದೆಂಬ ವಾದವನ್ನು ಸವದತ್ತಿಯಲ್ಲಿ ಮಾಡುವುದು ಅಷ್ಟು ಸುಲಭವಲ್ಲ. ಇದೇ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇತ್ತು. ಅದೂ ಧರ್ಮವೆಂದೇ ಹೇಳಲಾಗುತ್ತಿತ್ತು; ಮಗು ತಾನಾಗಿ ಆರಿಸಿಕೊಂಡದ್ದಾಗಿರಲಿಲ್ಲ. 1934ರಲ್ಲಿ ಮುಂಬಯಿ ಸರಕಾರವು ದೇವದಾಸಿ ಸಂರಕ್ಷಣ ಕಾಯ್ದೆಯನ್ನು ತಂದಿತು. ರಾಮದುರ್ಗ ಆಗ ಭಾವೆ ಮನೆತನದ ಸಂಸ್ಥಾನ. ಮುಂಬಯಿಯ ಕಾಯ್ದೆ ಅಲ್ಲಿಗೆ ತಾನಾಗಿಯೇ ತಲಪುವಂತಿರಲಿಲ್ಲ. ಮುಂದೆ 1982ರಲ್ಲಿ ಕರ್ನಾಟಕದ ವಿಧಾನಮಂಡಲವು ಸಮರ್ಪಣೆಯನ್ನು ನಿಷೇಧಿಸಿತು. ಈ ಎರಡೂ ಕಾಯ್ದೆಗಳು ಹೆಣ್ಣನ್ನು ಕುರಿತವು. ‘ಎಲ್ಲಮ್ಮನ ಕಾಡಾಟ’ವೆಂದು ಹೇಳಿ ಗಂಡುಹುಡುಗನನ್ನು ದೇವಿಗೆ ಬಿಡುವುದು ಅವುಗಳ ಕಣ್ಣಿಗೆ ಬೀಳಲಿಲ್ಲ. ಆ ಹುಡುಗನಿಗೆ ಗುಡ್ಡವು ಒಂದು ಆಸರೆಯನ್ನು ಕೊಟ್ಟಿತೆಂಬುದು ನಿಜ. ಮನೆ, ಶಾಲೆ, ಹೊಲ ಎಲ್ಲವನ್ನೂ ಬಿಟ್ಟಮೇಲೆ ಸಿಕ್ಕ ಆಸರೆಯೆಂಬುದೂ ನಿಜ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬಾಳು ಇದಕ್ಕೆ ಸಾಕ್ಷಿ. ಗಂಡುಮಗುವಾಗಿ ಬೆಳೆಯುತ್ತಿದ್ದ ಅವರಲ್ಲಿ ಹೆಣ್ಣಿನ ಭಾವ ಕಾಣಿಸಿಕೊಂಡಾಗ ಮನೆಯವರು ಕಟ್ಟಿಹಾಕಿ ಹೊಡೆದರು. ಬಳಿಕ ಹುಲಿಗೆಮ್ಮನ ಸನ್ನಿಧಿಯಲ್ಲಿ ದೀಕ್ಷೆ ಕೊಡಿಸಿದರು. ಇದ್ದ ಮಗನು ಸತ್ತನೆಂಬಂತೆ ತಾಯಿ ಅತ್ತಳು. ವಿಷ ಕುಡಿದು ಬದುಕುಳಿದ ಆ ಜೀವ ಕಾಳವ್ವ ಜೋಗತಿಯವರಲ್ಲಿ ಕುಣಿತ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನಕ್ಕೇರಿತು. 2021ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದ ಅವರು ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ನಿವಾಳಿಸಿದ್ದನ್ನು ದೇಶವೇ ನೋಡಿ ಮೆಚ್ಚಿತು. ಅದನ್ನು ದೂರದರ್ಶನದಲ್ಲಿ ನೋಡಿ ಕೈಮುಗಿದ ಮನೆಗಳಲ್ಲಿಯೇ ಮಗನ ನಡಿಗೆ ತುಸು ಬೇರೆಯಾಗಿದ್ದರೆ ಬೆತ್ತ ಹುಡುಕುವವರೂ ಇದ್ದಾರು.

ಹೊರಗಿನ ಪ್ರಪಂಚದಲ್ಲಿಯೂ ಈ ಹಗ್ಗದೆಳೆದಾಟ ಮುಗಿದಿಲ್ಲ. ಲಿಥುವೇನಿಯಾ ದೇಶದಲ್ಲಿ ಮಕ್ಕಳ ಕಥೆಗಳ ಪುಸ್ತಕವೊಂದರಲ್ಲಿ ರಾಜಕುಮಾರನು ರಾಜಕುಮಾರಿಯ ಬದಲು ದರ್ಜಿಯೊಬ್ಬನನ್ನು ಮೆಚ್ಚುವಂಥ ಕಥೆಗಳಿದ್ದುವೆಂದು ಅದರ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿದರು. ಅದು ತಪ್ಪೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2023ರ ಜನವರಿಯಲ್ಲಿ ಹೇಳಿತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಇದಕ್ಕೆ ತಿರುಗುಮುರುಗಾದ ವ್ಯಾಜ್ಯ: ಇಂಥ ಕಥೆಗಳ ಪಾಠದಿಂದ ತಮ್ಮ ಮಕ್ಕಳನ್ನು ಹೊರಗಿಡಲು ಅವಕಾಶ ಬೇಕೆಂದು ಬೇರೆಬೇರೆ ಮತಗಳ ಪಾಲಕರು ಕೇಳಿದರು, 2025ರ ಜೂನ್ 27ರಂದು ಅಲ್ಲಿಯ ಸುಪ್ರೀಂ ಕೋರ್ಟು ಅವರ ಕಡೆಗೆ ಒಲಿಯಿತು. ಪಾಲಕರ ಹಕ್ಕನ್ನು ಮನ್ನಿಸಿದ್ದು ಸರಿಯೆನ್ನೋಣ. ಆದರೆ ಪಾಠ ಶುರುವಾದೊಡನೆ ಹತ್ತು ಮಕ್ಕಳು ಎದ್ದು ಹೊರನಡೆಯುವುದನ್ನು, ಎರಡು ಅಮ್ಮಂದಿರ ಮನೆಯಿಂದ ಬಂದ ಮಗುವೊಂದು ಕುಳಿತಲ್ಲಿಂದಲೇ ನೋಡಬೇಕಾಗುತ್ತದೆ. ಅದಕ್ಕೆ ಯಾವ ಕೋರ್ಟಿನಲ್ಲಿಯೂ ವಕೀಲರಿರುವುದಿಲ್ಲ.

ನಮ್ಮ ದೇಶದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಲಿಂಗಾಂತರಿ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನಡೆಸಿಕೊಳ್ಳಬೇಕೆಂದು ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ಪ್ರಕಟಿಸಿತು. ಆಕ್ಷೇಪ ಬಂದೊಡನೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಅದೇ ವರುಷದ ಜೂನಿನಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ನಡೆದದ್ದು ಬೇರೆ. ಪರಸ್ಪರ ಒಲಿದು ಮನೆಬಿಟ್ಟು ಬಂದ ಇಬ್ಬರು ಯುವತಿಯರ ಮೊಕದ್ದಮೆಯನ್ನು ಕೇಳುತ್ತಿದ್ದ ನ್ಯಾಯಮೂರ್ತಿ ಆನಂದ ವೆಂಕಟೇಶರು, ಈ ವಿಷಯದಲ್ಲಿ ತಮಗೇ ಪೂರ್ವಗ್ರಹಗಳಿವೆಯೆಂದು ಒಪ್ಪಿಕೊಂಡು, ತೀರ್ಪು ಬರೆಯುವ ಮೊದಲು ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ವಿದ್ಯಾರ್ಥಿಯಂತೆ ಕುಳಿತರು. ಬಳಿಕ, ಪಾಲಕ-ಶಿಕ್ಷಕ ಸಂಘಗಳ ಮೂಲಕ ತಂದೆತಾಯಿಗಳಿಗೂ ತಿಳಿವಳಿಕೆ ಕೊಡಬೇಕೆಂದು ಸೂಚಿಸಿದರು. ನ್ಯಾಯಪೀಠದಲ್ಲಿ ಕುಳಿತವರು ಹೀಗೆ ಪಾಠ ಹೇಳಿಸಿಕೊಂಡದ್ದು ಅಪೂರ್ವ. ಶಾಲಾ ಮಾಸ್ತರರು ಹೇಳಿಸಿಕೊಂಡರೆ ಮರ್ಯಾದೆಗೆ ಕುಂದೇನೂ ಬಾರದು.

ಜಾತ್ರೆಯ ಮರುದಿನ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಹಾಜರಿ ಕಡಿಮೆ. ಅರೆಬರೆ ತುಂಬಿದ ತರಗತಿಯಲ್ಲಿ ಹೊಸ ಪಾಠ ಬೇಡವೆಂದು ಮಾಸ್ತರರು ಪುಸ್ತಕ ಮಡಿಸಿ, “ಗುಡ್ಡಕ್ಕ ಹೋದವರು ಏನೇನು ನೋಡಿದಿರಿ, ಹೇಳ್ರಿ” ಎನ್ನುವುದುಂಟು. ಒಬ್ಬನು ತೊಟ್ಟಿಲು ಗಾಣದ ಸುದ್ದಿ ಹೇಳುತ್ತಾನೆ, ಇನ್ನೊಬ್ಬಳು ಬೆಂಡು ಬತ್ತಾಸಿನ ಅಂಗಡಿಯದು. ಮೂರನೆಯವನು ಎದ್ದು ನಿಂತು ಜೋಗಪ್ಪನ ನಡಿಗೆಯನ್ನು ನಡೆದು ತೋರಿಸುತ್ತಾನೆ. ತರಗತಿ ಗೊಳ್ಳೆಂದು ನಗುತ್ತದೆ. ಕಡೆಯ ಬೆಂಚಿನಲ್ಲಿ ಕುಳಿತ ಹುಡುಗನೊಬ್ಬ ಮಾತ್ರ, ಮಾಸ್ತರರೂ ನಗುತ್ತಾರೋ ಏನೋ ಎಂದು ಅವರ ಮುಖವನ್ನೇ ನೋಡುತ್ತಿರುತ್ತಾನೆ.